ಕ್ರೂಸ್ ಹಡಗಿನ ಈಜುಕೊಳ: ಮಗು ಕೈಗೆಟುಕುವಷ್ಟು ಹತ್ತಿರವಿರಲಿ
ಮಕ್ಕಳ ಜೊತೆ ಕ್ರೂಸ್‌ಗೆ ಹೊರಟಿದ್ದರೆ ಬುಕ್ ಮಾಡುವ ಮೊದಲೇ ಕೇಳಿ: ಈಜುಕೊಳದಲ್ಲಿ ಲೈಫ್‌ಗಾರ್ಡ್ ಇರ್ತಾರಾ, ಎಷ್ಟು ಗಂಟೆವರೆಗೆ? ಕ್ರೂಸ್ ಕಂಪನಿಗಳಾದ ಡಿಸ್ನಿ 2013ರಲ್ಲಿ, ರಾಯಲ್ ಕೆರಿಬಿಯನ್ 2017ರಲ್ಲಿ ಲೈಫ್‌ಗಾರ್ಡ್‌ಗಳನ್ನು ನೇಮಿಸಿಕೊಂಡವು. ಎಲ್ಲ ಹಡಗುಗಳಲ್ಲೂ ಇರುವುದಿಲ್ಲ. ಇದ್ದರೂ, ಈಜು ಬಾರದ ಮಗುವಿನ ಜೊತೆ ನೀವೂ ನೀರಿಗಿಳಿಯಿರಿ, ಕೈಗೆಟುಕುವಷ್ಟು ಹತ್ತಿರವಿರಿ. ಮುಳುಗುವ ಮಗು ಸಾಮಾನ್ಯವಾಗಿ ಕೂಗುವುದಿಲ್ಲ. ತಲೆ ಹಿಂದಕ್ಕೆ ವಾಲಿ, ಬಾಯಿ ನೀರಿನ ಮಟ್ಟಕ್ಕೆ ಬಂದಿರುತ್ತದೆ. ನೋಡಿದವರಿಗೆ ಆಟವಾಡುತ್ತಿದೆ ಅನ್ನಿಸುತ್ತದೆ. ಹಡಗು ತೂಗಿದಾಗ ಕೊಳದ ನೀರೂ ಒಂದು ಬದಿಗೆ ನುಗ್ಗುತ್ತದೆ, ಎದೆಮಟ್ಟ ಇದ್ದದ್ದು ಮೂಗಿಗೆ ಬರಬಹುದು. ತೋಳಿನ ಗಾಳಿಪಟ್ಟಿ ನಂಬಬೇಡಿ, ಜಾರಿಹೋಗುತ್ತದೆ. ತೂಕಕ್ಕೆ ತಕ್ಕ, ಬಕಲ್ ಇರುವ ಲೈಫ್ ಜಾಕೆಟ್ಟೇ ಬೇಕು. ಹಾಕಿದ ಮೇಲೆ ಭುಜದ ಹತ್ತಿರ ಹಿಡಿದು ಮೇಲಕ್ಕೆಳೆಯಿರಿ. ಕಿವಿವರೆಗೆ ಬಂದರೆ ಸಡಿಲ. ನೀಲಿ ಈಜುಡುಗೆ ಬೇಡ, ನೀರಿನಡಿ ಕಾಣುವುದೇ ಇಲ್ಲ. ಎದ್ದು ಕಾಣುವ ಕಿತ್ತಳೆ ಬಣ್ಣದ್ದು ಕೊಳ್ಳಿ.