ಸಿವಿ ಜಾಯಿಂಟ್ ಆರಿಸುವ ಮೊದಲು ಟೇಪ್ ಹಿಡಿಯಿರಿ

ಕಾಲೇಜಿನಲ್ಲಿ ಗಾಡಿ ಕಟ್ಟುವ ಹುಡುಗರು ನಮ್ಮ ವರ್ಕ್‌ಶಾಪಿಗೆ ಬಂದು ಕೇಳುವುದು ಒಂದೇ: "ಸರ್, ಈ ಜಾಯಿಂಟ್ ಎಷ್ಟು ಟಾರ್ಕ್ ತಡೆಯುತ್ತೆ?" ಟಾರ್ಕ್ ಅಂದರೆ ತಿರುಚುವ ಬಲ. ಸಿವಿ ಜಾಯಿಂಟ್ ಅಂದರೆ ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಹೋಗುವ ಶಾಫ್ಟಿನ ಎರಡೂ ತುದಿಯ ಕೀಲು; ಬಾಗಿದರೂ ಒಂದೇ ವೇಗದಲ್ಲಿ ತಿರುಗಿಸುತ್ತದೆ. ನಾನು ಕೇಳುವುದು ಬೇರೆ. ಚಕ್ರ ಮೇಲೆ ಕೆಳಗೆ ಆಡುವಾಗ ಶಾಫ್ಟ್ ಎಷ್ಟು ಉದ್ದ-ಗಿಡ್ಡ ಆಗಬೇಕು? ಇದು ಗೊತ್ತಿಲ್ಲದೆ ಜಾಯಿಂಟ್ ಕೊಳ್ಳಬೇಡಿ.

ಅಳೆಯುವುದು ಕಷ್ಟವಲ್ಲ. ಸಸ್ಪೆನ್ಷನ್ ಸ್ಪ್ರಿಂಗ್ ಬಿಚ್ಚಿ, ಚಕ್ರವನ್ನು ಪೂರ್ತಿ ಕೆಳಗೆ ಇಳಿಬಿಡಿ. ಹಬ್ ಕೆಳಗೆ ಜಾಕ್ ಇಟ್ಟು 20 ಮಿ.ಮೀ.ನಂತೆ ಎತ್ತುತ್ತಾ ಹೋಗಿ. ಪ್ರತಿ ಸಲ ಎರಡು ಜಾಯಿಂಟ್‌ಗಳ ನಡುಬಿಂದುಗಳ ದೂರ ಮತ್ತು ಶಾಫ್ಟಿನ ಕೋನ ಬರೆದುಕೊಳ್ಳಿ. ಸ್ಟೀರಿಂಗ್ ಇರುವ ಚಕ್ರವಾದರೆ ಪೂರ್ತಿ ತಿರುಗಿಸಿ ಇನ್ನೊಮ್ಮೆ ನೋಡಿ. ಅತಿ ಹೆಚ್ಚು ದೂರದಲ್ಲಿ ಅತಿ ಕಡಿಮೆ ದೂರ ಕಳೆದರೆ ಬೇಕಾದ ಜಾರಾಟ, ಅಂದರೆ ಶಾಫ್ಟ್ ಉದ್ದ-ಗಿಡ್ಡ ಆಗಬೇಕಾದ ಅಳತೆ, ಸಿಗುತ್ತದೆ. ರಬ್ಬರ್ ಮೌಂಟ್ ಮೇಲಿನ ಎಂಜಿನ್ ಕೂಡ ಅಲ್ಲಾಡುತ್ತದೆ, ಅಲ್ವಾ? ಅದನ್ನೂ ಸೇರಿಸಿ. ಅದರ ಮೇಲೆ ಎರಡೂ ತುದಿಗೆ 5 ಮಿ.ಮೀ. ಬಿಡುವುದು ನನ್ನ ರೂಢಿ.

ಮುಂದಿನ ಚಕ್ರ ಎಳೆಯುವ ಕಾರಿನಲ್ಲಿ ಹೊರಗಡೆ, ಅಂದರೆ ಚಕ್ರದ ಪಕ್ಕ, ಸಾಮಾನ್ಯವಾಗಿ ಆರು ಗುಂಡಿನ ಝೆಪ್ಪಾ ಜಾಯಿಂಟ್ ಇರುತ್ತದೆ. ಅದು 47 ಡಿಗ್ರಿಯ ಹತ್ತಿರ ಬಾಗುತ್ತದೆ, ಆದರೆ ಉದ್ದಕ್ಕೆ ಜಾರುವುದಿಲ್ಲ. ಜಾರುವ ಕೆಲಸವೆಲ್ಲ ಗೇರ್‌ಬಾಕ್ಸ್ ಪಕ್ಕದ ಜಾಯಿಂಟ್‌ನದು.

ಅಲ್ಲಿ ನನ್ನ ಮೊದಲ ಆಯ್ಕೆ ಟ್ರೈಪಾಡ್. ಮೂರು ರೋಲರ್, ಮೂರು ನೇರ ಹಳಿ. ಸಲೀಸಾಗಿ 50 ಮಿ.ಮೀ.ವರೆಗೆ ಜಾರುತ್ತದೆ, ಸುಮಾರು 25 ಡಿಗ್ರಿ ಬಾಗುತ್ತದೆ. ಆದರೆ ಕೋನವೂ ಜಾಸ್ತಿ, ಟಾರ್ಕೂ ಜಾಸ್ತಿ ಆದಾಗ ಒಂದು ಸುತ್ತಿಗೆ ಮೂರು ಸಲ ಶಾಫ್ಟನ್ನು ಉದ್ದಕ್ಕೆ ತಳ್ಳುತ್ತದೆ. ಫಸ್ಟ್ ಗೇರಿನಲ್ಲಿ ದಿಬ್ಬ ಹತ್ತುವಾಗ ಗಾಡಿ ಅಡ್ಡಡ್ಡ ನಡುಗುತ್ತದಲ್ಲ, ಅದಕ್ಕೆ ಇದೂ ಒಂದು ಕಾರಣ. ಗಾಡಿ ಓಡುವಾಗಿನ ಶಾಫ್ಟಿನ ಕೋನ ಇಳಿಸಲು ಆಗದಿದ್ದರೆ ಗುಂಡಿನ ಜಾತಿಯ ಡಬಲ್ ಆಫ್‌ಸೆಟ್ ನೋಡಿ. ಹಿಡಿತ ಸಡಿಲವೇ ಇರಬಾರದು ಎಂದರೆ ಕ್ರಾಸ್ ಗ್ರೂವ್. ಅದರಲ್ಲಿ ಗುಂಡು ಓಡುವ ಹಳಿಗಳು ಓರೆಯಾಗಿರುವುದರಿಂದ ಆಟ ಬಹಳ ಕಡಿಮೆ, ಆದರೆ ಬಾಗುವುದೂ ಟ್ರೈಪಾಡ್‌ನಷ್ಟಿಲ್ಲ.

ಕ್ಯಾಟಲಾಗ್‌ನಲ್ಲಿ ಬರೆದ ಅತಿ ದೊಡ್ಡ ಕೋನ ಮತ್ತು ಅತಿ ದೊಡ್ಡ ಜಾರಾಟ ಎರಡೂ ಒಟ್ಟಿಗೆ ಸಿಗುವುದಿಲ್ಲ. ಕೋನ ಹೆಚ್ಚಿದಂತೆ ಜಾರಲು ಜಾಗ ಕಡಿಮೆಯಾಗುತ್ತದೆ. ಕೋನ-ಜಾರಾಟದ ಗ್ರಾಫ್ ಕೇಳಿ ತರಿಸಿಕೊಳ್ಳಿ, ನೀವು ಅಳೆದ ಬಿಂದುಗಳನ್ನು ಅದರ ಮೇಲೆ ಗುರುತು ಹಾಕಿ. ಒಂದೇ ಒಂದು ಬಿಂದು ಗೆರೆಯ ಹೊರಗೆ ಬಿದ್ದರೂ ಆ ಜಾಯಿಂಟ್ ಬೇಡ.

ಈಗ ಟಾರ್ಕ್. ಎಂಜಿನ್ 110 ನ್ಯೂಟನ್ ಮೀಟರ್, ಫಸ್ಟ್ ಗೇರ್ ಅನುಪಾತ 3.5, ಫೈನಲ್ ಡ್ರೈವ್ (ಕೊನೆಯ ಗೇರ್ ಜೋಡಿ) ಅನುಪಾತ 4.2 ಅಂದುಕೊಳ್ಳಿ. ಗುಣಿಸಿ ಎರಡು ಚಕ್ರಕ್ಕೆ ಹಂಚಿದರೆ ತಲಾ ಸುಮಾರು 808. ಇನ್ನು ಟೈರ್ ಕಡೆಯಿಂದ: ಚಕ್ರದ ಮೇಲೆ 300 ಕೆ.ಜಿ., ತ್ರಿಜ್ಯ 0.28 ಮೀಟರ್, ಘರ್ಷಣೆಯ ಗುಣಾಂಕ 1 ಎಂದರೆ ಸುಮಾರು 824. ಅದಕ್ಕಿಂತ ಹೆಚ್ಚಾದರೆ ಟೈರೇ ಜಾರುತ್ತದೆ. ಎರಡರಲ್ಲಿ ಚಿಕ್ಕದು ನಿಮ್ಮ ಲೆಕ್ಕ. ಆದರೆ ಹಾರಿ ಬೀಳುವ ಗಾಡಿಯಲ್ಲಿ ತಿರುಗುತ್ತಿರುವ ಚಕ್ರ ನೆಲ ಕಚ್ಚಿದಾಗ ಬೀಳುವ ಪೆಟ್ಟೇ ಬೇರೆ. ಅಂಥದ್ದಕ್ಕೆ ಎರಡರಷ್ಟು ತಡೆಯುವುದನ್ನೇ ಹಾಕಿಸುತ್ತೇನೆ.

ಜೋಡಿಸಿದ ಮೇಲೆ ಸ್ಪ್ರಿಂಗ್ ಹಾಕುವ ಮುಂಚೆ, ಅದೇ ಜಾಕ್ ಮೇಲೆ ಚಕ್ರವನ್ನು ಕೈಯಲ್ಲಿ ತಿರುಗಿಸಿ ಬೂಟಿನ (ಜಾಯಿಂಟ್ ಮುಚ್ಚುವ ಮಡಿಕೆಯ ಹೊದಿಕೆ) ಮಡಿಕೆಗಳು ಒಂದಕ್ಕೊಂದು ಉಜ್ಜುತ್ತವೆಯೇ ನೋಡಿ. ಉಜ್ಜಿದರೆ ಬೂಟ್ ಬದಲಿಸಿ. ಅದು ಹರಿದು ಮಣ್ಣು ಒಳಗೆ ಹೋದರೆ ಎಂಥ ಜಾಯಿಂಟೂ ಬಾಳುವುದಿಲ್ಲ.