371ಜೆ ಹಿಡಿದು ಸಂವಿಧಾನಗಳನ್ನು ಓದಿದ್ದು

ನಾನು ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುತ್ತೇನೆ. ಬೇರೆ ದೇಶಗಳ ಸಂವಿಧಾನ ಎಂದ ಕೂಡಲೇ ಮಕ್ಕಳ ಬಾಯಿಗೆ ಬರುವುದು ಒಂದು ಪಟ್ಟಿ. ಸಂಸದೀಯ ಪದ್ಧತಿ ಬ್ರಿಟನ್ನಿನದು, ಮೂಲಭೂತ ಹಕ್ಕು ಅಮೆರಿಕದ್ದು, ನಿರ್ದೇಶಕ ತತ್ವ ಐರ್ಲೆಂಡಿನದು. ಪರೀಕ್ಷೆಗೆ ಇಷ್ಟು ಸಾಕು. ಆದರೆ ಯಾಕೆ ತಂದರು, ತಂದ ಮೇಲೆ ಏನು ಬದಲಾಯಿಸಿದರು ಎಂಬುದಕ್ಕೆ ಆ ಪಟ್ಟಿಯಲ್ಲಿ ಉತ್ತರವಿಲ್ಲ. ಅದಕ್ಕೇ ನಾನು ದೇಶಗಳಿಂದ ಶುರು ಮಾಡುವುದನ್ನು ಬಿಟ್ಟು ಒಂದು ಪ್ರಶ್ನೆಯಿಂದ ಶುರು ಮಾಡಿದೆ.

ಪ್ರಶ್ನೆ ನಮ್ಮ ಮಕ್ಕಳ ಫೈಲಿನಲ್ಲೇ ಇತ್ತು. ಬಹಳಷ್ಟು ಜನರ ಹತ್ತಿರ ಎಸಿ (ಅಸಿಸ್ಟೆಂಟ್ ಕಮಿಷನರ್) ಆಫೀಸಿನಿಂದ ತಂದ 371ಜೆ ಸರ್ಟಿಫಿಕೇಟ್ ಇರುತ್ತದೆ. 371ಜೆ ಅಂದರೆ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸೌಲಭ್ಯ ಕೊಡುವ ಸಂವಿಧಾನದ ವಿಧಿ. ಹಿಂದುಳಿದ ಭಾಗದ ಜನಕ್ಕೆ ಸೀಟಿನಲ್ಲಿ, ನೌಕರಿಯಲ್ಲಿ ಪಾಲು ಕೊಡಲು ಒಂದು ಸಂವಿಧಾನ ಹೇಗೆ ದಾರಿ ಮಾಡುತ್ತದೆ? ಇದೊಂದೇ ಪ್ರಶ್ನೆ ಹಿಡಿದು ಹೊರಟೆವು.

ಮೊದಲು ನಮ್ಮದೇ ಮೂಲಪಾಠ ಓದಿದೆವು. ಸರ್ಕಾರಿ ನೌಕರಿಯಲ್ಲಿ ಹುಟ್ಟಿದ ಊರು, ವಾಸದ ಊರು ನೋಡಿ ಭೇದ ಮಾಡಬಾರದು ಎನ್ನುತ್ತದೆ 16(2)ನೇ ವಿಧಿ. ಅದರ ಪಕ್ಕದಲ್ಲಿ 371ಜೆ ಇಟ್ಟೆವು. 98ನೇ ತಿದ್ದುಪಡಿಯಿಂದ ಬಂದದ್ದು, 2013ರಲ್ಲಿ ಜಾರಿಯಾದದ್ದು. ಇದರಲ್ಲಿ ಈ ಭಾಗಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ, ಪ್ರತಿವರ್ಷ ವಿಧಾನಸಭೆಗೆ ಅದರ ವರದಿ, ಸೀಟು ಮತ್ತು ಹುದ್ದೆಗಳಲ್ಲಿ ಮೀಸಲಾತಿ ಎಲ್ಲವೂ ಇವೆ. ಆದರೆ ಎಲ್ಲರಿಗೂ ಬಾಯಿಪಾಠವಾಗಿರುವ ಶೇಕಡಾ 70, ಶೇಕಡಾ 80 ಎಂಬ ಅಂಕಿಗಳು ವಿಧಿಯಲ್ಲಿ ಇಲ್ಲವೇ ಇಲ್ಲ. ಅವು ಆಮೇಲಿನ ಸರ್ಕಾರಿ ಆದೇಶಗಳಲ್ಲಿವೆ. ಸಂವಿಧಾನದಲ್ಲಿ ಏನಿದೆ, ಅದರ ಕೆಳಗಿನ ಆದೇಶದಲ್ಲಿ ಏನಿದೆ ಎಂದು ಬಿಡಿಸಿ ನೋಡುವ ಅಭ್ಯಾಸ ಮೊದಲು ಬರಬೇಕು. ಇದಿಲ್ಲದೆ ಹೊರದೇಶದ ಪಾಠಕ್ಕೆ ಕೈ ಹಾಕಿದರೆ ಏನೂ ಹತ್ತುವುದಿಲ್ಲ.

ಆಮೇಲೆ ಇತಿಹಾಸ. ಇದು ನನಗೆ ತುಂಬಾ ಮುಖ್ಯ. ಸ್ಥಳೀಯರಿಗೆ ನೌಕರಿ ಎನ್ನುವ ಮಾತು ಹಿಂದೆ ನಿಜಾಮರ ಕೈಯಲ್ಲಿದ್ದ ನಮ್ಮ ಬೀದರ್, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ ಸಂವಿಧಾನಕ್ಕಿಂತ ಹಳೆಯದು. ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿ ನೌಕರಿಗೆ ಮುಲ್ಕಿ ನಿಯಮಗಳಿದ್ದವು. ಮುಲ್ಕಿ ಅಂದರೆ ಸ್ಥಳೀಯ. 15 ವರ್ಷ ಸಂಸ್ಥಾನದಲ್ಲಿ ವಾಸ ಮಾಡಿದವರಿಗೆ ಮುಲ್ಕಿಯ ಹಕ್ಕು ಸಿಗುತ್ತಿತ್ತು. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು, ತೆಲಂಗಾಣ ಆಂಧ್ರಕ್ಕೆ ಹೋಯಿತು. ಮುಲ್ಕಿ ಜಗಳ ಅಲ್ಲಿ ಜೋರಾಗಿ ಮುಂದುವರಿಯಿತು, 1972ರಲ್ಲಿ ಸುಪ್ರೀಂ ಕೋರ್ಟ್ ಆ ನಿಯಮಗಳನ್ನು ಎತ್ತಿಹಿಡಿಯಿತು. ಅದರ ಬೆನ್ನಿಗೇ 1973ರ 32ನೇ ತಿದ್ದುಪಡಿಯಲ್ಲಿ, ಆಂಧ್ರದಲ್ಲಿ ಸ್ಥಳೀಯರಿಗೆ ನೌಕರಿ, ಸೀಟಿನಲ್ಲಿ ಪಾಲು ಕೊಡಲು ದಾರಿ ಮಾಡುವ 371ಡಿ ವಿಧಿ ಬಂತು. ಒಂದೇ ಸಂಸ್ಥಾನದ ಎರಡು ತುಂಡು. ಒಂದಕ್ಕೆ ಆಗಲೇ ಸಿಕ್ಕಿತು, ಇನ್ನೊಂದು ಸುಮಾರು 40 ವರ್ಷ ಕಾಯಿತು. ಈ ಕಥೆ ಗೊತ್ತಾದ ಮೇಲೆ ಮಕ್ಕಳು ವಿಧಿಯನ್ನು ಓದುವ ರೀತಿಯೇ ಬೇರೆಯಾಯಿತು.

ಇಷ್ಟಾದ ಮೇಲೇ ಒಬ್ಬ ಹುಡುಗ ಕೇಳಿದ್ದು: “ಸರ್, ಹಿಂತಾದ್ದು ನಮ್ಮಲ್ಲಷ್ಟೇ ಅದ ಏನ್ರಿ?”

ಇಲ್ಲ, ಬೇರೆ ಕಡೆಯೂ ಇದೆ. ಹೊರದೇಶದ ಪಾಠಗಳನ್ನು ಪೂರ್ತಿ ಓದಿಸಲು ಹೋಗಲಿಲ್ಲ. ನಮ್ಮ ಪ್ರಶ್ನೆಗೆ ಸಂಬಂಧಪಟ್ಟ ವಿಧಿಯನ್ನಷ್ಟೇ ಪ್ರಿಂಟ್ ತೆಗೆದು ಕೊಟ್ಟೆ. ಮಕ್ಕಳು ಅದನ್ನು ತಮ್ಮ ಮಾತಿನಲ್ಲಿ ಕನ್ನಡದಲ್ಲಿ ಬರೆಯಬೇಕು. ಜೊತೆಗೆ ಆಗ ಆ ದೇಶದಲ್ಲಿ ಏನು ನಡೆದಿತ್ತು, ಪಾಲು ಎಷ್ಟು ಎಂದು ತೀರ್ಮಾನಿಸುವವರು ಯಾರು, ಇದಕ್ಕೆ ಕೊನೆ ಇದೆಯೇ ಎಂದು ಹುಡುಕಬೇಕು.

ಜರ್ಮನಿಯ ಸಂವಿಧಾನವಾದ 1949ರ ಮೂಲ ಕಾನೂನಿನ 36ನೇ ವಿಧಿ ಚಿಕ್ಕದು. ಕೇಂದ್ರದ ಉನ್ನತ ಕಚೇರಿಗಳಿಗೆ ಎಲ್ಲ ರಾಜ್ಯಗಳಿಂದಲೂ ಸೂಕ್ತ ಪ್ರಮಾಣದಲ್ಲಿ ಅಧಿಕಾರಿಗಳು ಬರಬೇಕು ಎನ್ನುತ್ತದೆ. ನೈಜೀರಿಯಾ 1967ರಿಂದ 1970ರವರೆಗೆ ಅಂತರ್ಯುದ್ಧ ಕಂಡ ದೇಶ. ಸರ್ಕಾರದಲ್ಲಿ ಕೆಲವೇ ರಾಜ್ಯಗಳವರು ತುಂಬಿಕೊಳ್ಳಬಾರದು ಎಂಬ ಮಾತು ಅಲ್ಲಿ 1979ರ ಸಂವಿಧಾನಕ್ಕೆ ಬಂತು.

ಪಾಕಿಸ್ತಾನದ್ದು ನೋಡಿದಾಗ ತರಗತಿ ಎಚ್ಚೆತ್ತಿತು. 1973ರ ಸಂವಿಧಾನದ 27ನೇ ವಿಧಿ ಯಾವುದೇ ಪ್ರದೇಶದವರಿಗೆ ಹುದ್ದೆ ಮೀಸಲಿಡಲು ಅವಕಾಶ ಕೊಟ್ಟಿತು, ಆದರೆ 10 ವರ್ಷಕ್ಕೆ ಮಾತ್ರ. ಆ ಗಡುವನ್ನು 20 ಮಾಡಿದರು, ಆಮೇಲೆ 40 ಮಾಡಿದರು. 1973ರಿಂದ 40 ಎಣಿಸಿದರೆ 2013. ಅಲ್ಲಿನ ಗಡುವು ಮುಗಿಯುವ ವರ್ಷವೇ ನಮ್ಮ 371ಜೆ ಜಾರಿಯಾದದ್ದು! ನಮ್ಮ ವಿಧಿಯಲ್ಲಿ ಗಡುವೇ ಇಲ್ಲ. ಗಡುವು ಇದ್ದರೆ ಒಳ್ಳೆಯದೋ ಇಲ್ಲದಿದ್ದರೆ ಒಳ್ಳೆಯದೋ ಎಂದು ಗಂಟೆ ಹೊಡೆದ ಮೇಲೂ ಮಾತು ನಡೆದಿತ್ತು.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಹತ್ತಿರದ ಹೋಲಿಕೆ ಕೆನಡಾದ್ದು. ಅಲ್ಲಿ 1982ರ ಹಕ್ಕುಗಳ ಸನ್ನದಿನ ಪ್ರಕಾರ ಯಾರು ಯಾವ ಪ್ರಾಂತ್ಯಕ್ಕೆ ಬೇಕಾದರೂ ಹೋಗಿ ದುಡಿಯಬಹುದು. ನ್ಯೂಫೌಂಡ್‌ಲೆಂಡ್ ಆಗ ಬಡ ಪ್ರಾಂತ್ಯವಾಗಿತ್ತು. ಅದು ತನ್ನ ತೈಲ ಉದ್ಯಮದ ಕೆಲಸಗಳಲ್ಲಿ ಸ್ಥಳೀಯರಿಗೆ ಮೊದಲ ಅವಕಾಶ ಬೇಕು ಎಂದು ಪಟ್ಟು ಹಿಡಿದಿತ್ತು. ಹಾಗಾಗಿ ಸನ್ನದಿಗೆ 6(4)ನೇ ವಿಧಿ ಸೇರಿತು. ಪ್ರಾಂತ್ಯದ ಉದ್ಯೋಗ ಪ್ರಮಾಣ ಇಡೀ ದೇಶದ ಪ್ರಮಾಣಕ್ಕಿಂತ ಕಡಿಮೆ ಇದ್ದರೆ, ಅಲ್ಲಿನ ದುರ್ಬಲರಿಗಾಗಿ ವಿಶೇಷ ಯೋಜನೆ ಮಾಡಬಹುದು. ಅಂದರೆ ಅಳತೆಗೋಲು ವಿಧಿಯ ಒಳಗೇ ಇದೆ.

ನಮ್ಮ ಅಳತೆಗೋಲು ಎಲ್ಲಿ? ಸಂವಿಧಾನದ ಹೊರಗೆ, 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿಯಲ್ಲಿ. 35 ಸೂಚಕ ಹಿಡಿದು ತಾಲ್ಲೂಕುಗಳನ್ನು ಅಳೆದ ಆ ಸಮಿತಿ 114 ತಾಲ್ಲೂಕು ಹಿಂದುಳಿದಿವೆ, ಅದರಲ್ಲಿ 39 ಅತ್ಯಂತ ಹಿಂದುಳಿದಿವೆ ಎಂದು ಹೇಳಿತು. ಇಂಥ ಅಳತೆ ಆದೇಶದಲ್ಲೇ ಇರಲಿ ಎನ್ನುವುದು ನನ್ನ ವಾದ. ಊರು ಬದಲಾದಂತೆ ಅಳತೆಯೂ ಬದಲಾಗಬೇಕು, ಪ್ರತಿಸಲ ಸಂಸತ್ತಿಗೆ ಹೋಗಿ ವಿಶೇಷ ಬಹುಮತ ಕೇಳಲು ಆಗುವುದಿಲ್ಲ, ಅಲ್ವಾ?

ಬೀದರ್ ಕಡೆಯ ಹುಡುಗಿಯೊಬ್ಬಳು ಒಪ್ಪಲಿಲ್ಲ. “ಆದೇಶ ಬದಲಾಯ್ಸೋದು ಸರಳ ಅಂದ್ರ, ತೆಗೆದುಹಾಕೋದೂ ಸರಳೇ ಅಲ್ರೀ ಸರ್?” ಎಂದಳು. ಗಟ್ಟಿ ಮಾತು. ಹಾಗಾಗಿ ಈಗ ತಿದ್ದುಪಡಿಯ ವಿಧಿಗಳಿಗೆ ಬಂದಿದ್ದೇವೆ: ನಮ್ಮ 368, ಮುಕ್ಕಾಲು ಪಾಲು ರಾಜ್ಯಗಳ ಒಪ್ಪಿಗೆ ಕೇಳುವ ಅಮೆರಿಕ, ಪ್ರತಿ ತಿದ್ದುಪಡಿಗೂ ಜನಮತ ಕೇಳುವ ಐರ್ಲೆಂಡ್.