ಹಡಗಿನ ಕ್ಯಾಬಿನ್: ಗೋಡೆಗೇ ಜೇಬು ಹಚ್ಚುವುದು ಹೇಗೆ?

ಕ್ರೂಸ್ ಹಡಗಿನಲ್ಲಿ ಕಿಟಕಿಯಿಲ್ಲದ ಒಳಕ್ಯಾಬಿನ್ನಿನ ಅಳತೆ ಹೆಚ್ಚಿನ ಕಡೆ 130ರಿಂದ 185 ಚದರ ಅಡಿ. ನಮ್ಮ ಮನೆಗಳ 10x12ರ ಮಲಗುವ ಕೋಣೆಯೇ 120 ಚದರ ಅಡಿ ಇರುತ್ತದೆ. ಅಂಥ ಕೋಣೆಗಿಂತ ತುಸುವೇ ದೊಡ್ಡ ಜಾಗದಲ್ಲಿ ಮಂಚ, ಕಪಾಟು, ಮೇಜು, ಬಾತ್‌ರೂಮ್ ಎಲ್ಲವೂ ಇರಬೇಕು. ಮುಂಬೈ, ಚೆನ್ನೈಗಳಿಂದ ಹೊರಡುವ ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ 1990ರಲ್ಲಿ ಸೇವೆಗಿಳಿದ ಹಡಗು. ಆ ಕಾಲದ ಹಡಗುಗಳಲ್ಲಿ ಕ್ಯಾಬಿನ್ನುಗಳು ಈಗಿನವಕ್ಕಿಂತ ಇನ್ನೂ ಚಿಕ್ಕವು. ನಾಲ್ವರ ಕುಟುಂಬ ಒಂದೇ ಕ್ಯಾಬಿನ್ ಹಿಡಿದರೆ ಮೊದಲ ಸಂಜೆಯೇ ಮೇಜಿನ ಮೇಲೆ ಕನ್ನಡಕ, ಮಾತ್ರೆ, ಚಾರ್ಜರ್, ಬಾಚಣಿಗೆ, ಸನ್‌ಸ್ಕ್ರೀನ್ ರಾಶಿ ಬೀಳುತ್ತದೆ. ರಾತ್ರಿ ಹಡಗು ಹೊಯ್ದಾಡಿದರೆ ಅದರಲ್ಲಿ ಅರ್ಧ ಮಂಚದ ಕೆಳಗೆ ಸೇರುತ್ತದೆ.

ಇದಕ್ಕೆ ಒಳ್ಳೆಯ ಉಪಾಯವೆಂದರೆ ಸಾಲುಸಾಲು ಜೇಬುಗಳಿರುವ, ನೇತುಹಾಕುವ ಶೂ ಆರ್ಗನೈಸರ್. ಆನ್‌ಲೈನ್‌ನಲ್ಲಿ ಸಿಗುವ ಸಾಮಾನ್ಯ ಮಾದರಿಗೆ 24 ಜೇಬು: ಅಡ್ಡಕ್ಕೆ 4, ಉದ್ದಕ್ಕೆ 6 ಸಾಲು. ಅಗಲ ಸುಮಾರು 50 ಸೆಂ.ಮೀ., ಉದ್ದ 150 ಸೆಂ.ಮೀ.ಗೂ ಮಿಕ್ಕಿ. ಜನ ಇದನ್ನು ಕೊಂಡು, ಜೊತೆಗೆ ಬರುವ ಲೋಹದ ಕೊಕ್ಕೆಗಳಿಂದ ಕ್ಯಾಬಿನ್ನಿನ ಬಾಗಿಲಿಗೆ ಸಿಕ್ಕಿಸುತ್ತಾರೆ. ತಪ್ಪಾಗುವುದು ಇಲ್ಲೇ.

ಮುಖ್ಯ ಬಾಗಿಲಿಗೆ ಬೇಡ

ಕ್ಯಾಬಿನ್ನಿನ ಬಾಗಿಲು ಬೆಂಕಿ ತಡೆಯುವ ಬಾಗಿಲು. ಕಾರಿಡಾರಿನ ಹೊಗೆ ಒಳಬರದಂತೆ ಅದು ಚೌಕಟ್ಟಿಗೆ ಬಿಗಿಯಾಗಿ ಕೂರಬೇಕು. ಬಾಗಿಲ ಮೇಲಂಚಿಗೆ ಸಿಕ್ಕಿಸಿದ ಕೊಕ್ಕೆ ಎಷ್ಟು ತೆಳುವಾಗಿದ್ದರೂ ಆ ಸಂದಿನಲ್ಲಿ ಬಂದು ನಿಲ್ಲುತ್ತದೆ. ಬಾಗಿಲು ಪೂರ್ತಿ ಮುಚ್ಚುವುದಿಲ್ಲ, ಇಲ್ಲವೇ ತಳ್ಳಿ ಮುಚ್ಚಿದಾಗಲೆಲ್ಲ ಬಣ್ಣ ಕೆರೆಯುತ್ತದೆ. ಈ ಹಾನಿಯ ಕಾರಣಕ್ಕೆ ಕೆಲವು ಕಂಪನಿಗಳು ಬಾಗಿಲಿಗೆ ಸಿಕ್ಕಿಸುವ ಆರ್ಗನೈಸರುಗಳನ್ನೇ ನಿಷೇಧಿಸಿವೆ. ಟಿಕೆಟ್ ಜೊತೆ ಬರುವ ನಿಷಿದ್ಧ ವಸ್ತುಗಳ ಪಟ್ಟಿಯನ್ನು ಮೊದಲೇ ಓದಿಕೊಳ್ಳಿ. ಮ್ಯಾಗ್ನೆಟ್ ಕೊಕ್ಕೆಗೆ ಅನುಮತಿ ಇದೆಯೇ ಎಂಬುದನ್ನೂ ಅಲ್ಲೇ ನೋಡಿ.

ಇನ್ನೊಂದು ಕಾರಣ ಇದಕ್ಕಿಂತ ದೊಡ್ಡದು. ತುರ್ತು ಸಂದರ್ಭದಲ್ಲಿ ಯಾವ ದಾರಿಯಲ್ಲಿ ಹೋಗಬೇಕು, ಎಲ್ಲಿ ಸೇರಬೇಕು ಎಂಬ ನಕ್ಷೆ ಸಾಮಾನ್ಯವಾಗಿ ಆ ಬಾಗಿಲಿನ ಒಳಮೈಯಲ್ಲೇ ಇರುತ್ತದೆ. ಒಂದೂವರೆ ಮೀಟರ್ ಉದ್ದದ ಚೀಲ ಅದನ್ನೂ ಹೊರಗೆ ನೋಡುವ ಕಿಂಡಿಯನ್ನೂ ಮುಚ್ಚಿಬಿಡುತ್ತದೆ. ಸೈರನ್ ಮೊಳಗಿದಾಗ ಮಕ್ಕಳನ್ನು ಕರೆದುಕೊಂಡು ಹೊರಡುವವರು ಶೂ ಚೀಲ ಸರಿಸಿ ನಕ್ಷೆ ಹುಡುಕುವ ಸ್ಥಿತಿ ಬರಬಾರದು.

ಗೋಡೆ ಉಕ್ಕಿನದು, ಆದರೂ ಒಂದು ಲೆಕ್ಕವಿದೆ

ಬೆಂಕಿಯ ಸುರಕ್ಷತೆಗಾಗಿ ಹಡಗಿನ ಕ್ಯಾಬಿನ್ ಗೋಡೆಗಳನ್ನು ಬಹುಪಾಲು ತೆಳು ಉಕ್ಕಿನ ಹಲಗೆಗಳಿಂದ ಕಟ್ಟಿರುತ್ತಾರೆ. ಮೇಲೆ ಮರದ ಬಣ್ಣದ ಅಥವಾ ಬಿಳಿಯ ಪ್ಲಾಸ್ಟಿಕ್ ಹೊದಿಕೆ ಇರುವುದರಿಂದ ನೋಡಿದರೆ ಗೊತ್ತಾಗುವುದಿಲ್ಲ. ಮ್ಯಾಗ್ನೆಟ್ ಹಚ್ಚಿದರೆ ಗಟ್ಟಿಯಾಗಿ ಹಿಡಿಯುತ್ತದೆ. ಹಾಗಾಗಿ ಬಾಗಿಲಿನ ಬದಲು ಗೋಡೆಯನ್ನು ಬಳಸಬಹುದು.

ಆದರೆ ಮ್ಯಾಗ್ನೆಟ್ ಕೊಕ್ಕೆಯ ಪೊಟ್ಟಣದ ಮೇಲೆ ‘10 ಕೆ.ಜಿ.’ ಎಂದಿದ್ದರೆ ಗೋಡೆಯ ಮೇಲೆ 10 ಕೆ.ಜಿ. ತೂಗಬಹುದು ಎಂದರ್ಥವಲ್ಲ. ಅದು ದಪ್ಪ ಉಕ್ಕಿನಿಂದ ಮ್ಯಾಗ್ನೆಟ್ಟನ್ನು ನೇರವಾಗಿ ಕಿತ್ತೆಳೆಯಲು ಬೇಕಾದ ಬಲ. ಗೋಡೆಯ ಮೇಲಿನ ಕೊಕ್ಕೆ ಕಿತ್ತು ಬೀಳುವುದು ಅಪರೂಪ. ಅದು ಕೆಳಕ್ಕೆ ಜಾರುತ್ತದೆ. ಜಾರದಂತೆ ತಡೆಯುವುದು ಘರ್ಷಣೆ ಮಾತ್ರ, ನುಣುಪಾದ ಮೇಲ್ಮೈಯಲ್ಲಿ ಅದು ಹಿಡಿತದ ಐದನೇ ಒಂದು ಭಾಗದಷ್ಟು. ಅಂದರೆ 10 ಕೆ.ಜಿ. ಎಂದು ಬರೆದ ಕೊಕ್ಕೆ ಗೋಡೆಯ ಮೇಲೆ ಹೊರುವುದು ಸುಮಾರು 2 ಕೆ.ಜಿ. ಹೊದಿಕೆ ದಪ್ಪಗಿದ್ದರೆ, ಉಕ್ಕಿನ ಹಲಗೆ ತೆಳುವಿದ್ದರೆ ಇನ್ನೂ ಕಡಿಮೆ. ಪ್ರತಿ ಕೊಕ್ಕೆಗೆ 1 ಕೆ.ಜಿ.ಗಿಂತ ಹೆಚ್ಚು ಬೀಳದಂತೆ ನೋಡಿಕೊಂಡರೆ ರಾತ್ರಿ ನೆಮ್ಮದಿಯಾಗಿ ನಿದ್ದೆ ಮಾಡಬಹುದು.

ಜಾರುವುದನ್ನು ತಡೆಯಲು ಒಂದು ಬಲೂನು ಸಾಕು. ತಿಳಿಬಣ್ಣದ ಬಲೂನಿನ ಬಾಯಿ ಕತ್ತರಿಸಿ, ಉಳಿದ ರಬ್ಬರನ್ನು ಮ್ಯಾಗ್ನೆಟ್ಟಿನ ಮುಖದ ಮೇಲೆ ಸುಕ್ಕಿಲ್ಲದಂತೆ ಎಳೆದು, ಹಿಂಬದಿಯಲ್ಲಿ ದಾರದಿಂದ ಬಿಗಿಯಾಗಿ ಸುತ್ತಿ. ರಬ್ಬರ್ ಬಂದಾಗ ಸೆಳೆತ ಸ್ವಲ್ಪ ಕಡಿಮೆಯಾಗುತ್ತದೆ, ಆದರೆ ಘರ್ಷಣೆ ಅದಕ್ಕಿಂತ ಹೆಚ್ಚು ಏರುತ್ತದೆ. ಗೋಡೆಗೆ ಗೀರೂ ಬೀಳುವುದಿಲ್ಲ. ಸೈಕಲ್ ಟ್ಯೂಬಿನ ತುಂಡು ಬೇಡ. ಅದು ದಪ್ಪವಾಯಿತು, ಕಪ್ಪು ಕಲೆಯನ್ನೂ ಬಿಡುತ್ತದೆ.

ಬೇಕಾಗುವ ಸಾಮಾನು

24 ಜೇಬಿನ ಆರ್ಗನೈಸರ್ 1. 25 ಮಿ.ಮೀ. ವ್ಯಾಸದ ನಿಯೋಡೈಮಿಯಮ್ ಮ್ಯಾಗ್ನೆಟ್ ಕೊಕ್ಕೆ 6. ಕೊಕ್ಕೆಯಿಲ್ಲದ ಬಿಲ್ಲೆ ಮ್ಯಾಗ್ನೆಟ್ 4. ಬಲೂನು 6. ವೈರಿಂಗಿಗೆ ಬಳಸುವ ತೆಳು ಪಿವಿಸಿ ಪೈಪಿನ 48 ಸೆಂ.ಮೀ. ತುಂಡು 2. ದಪ್ಪ ಕ್ಯಾನ್ವಾಸ್ ಪಟ್ಟಿ ಒಂದೂವರೆ ಮೀಟರ್.

ಹಿಂಬದಿಗೆ ಬಟ್ಟೆ, ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಇರುವ ಆರ್ಗನೈಸರ್ ಎಲ್ಲಕ್ಕಿಂತ ಅನುಕೂಲ, ಯಾವ ಜೇಬಿನಲ್ಲಿ ಏನಿದೆ ಎಂದು ತಡಕಾಡಬೇಕಿಲ್ಲ. ಈಜುಕನ್ನಡಕದಂಥ ಒದ್ದೆ ವಸ್ತುಗಳಿಗೆ ಮಾತ್ರ ಬಲೆಬಟ್ಟೆಯ ಜೇಬು ಬೇಕು, ಏಕೆಂದರೆ ಪ್ಲಾಸ್ಟಿಕ್ ಜೇಬಿನಲ್ಲಿ ನೀರು ನಿಂತು ಎರಡನೇ ದಿನಕ್ಕೆ ಮುಗ್ಗಲು ವಾಸನೆ ಹಿಡಿಯುತ್ತದೆ. ಕಾಗದದಂತಿರುವ ನಾನ್‌ವೋವನ್ ಬಟ್ಟೆಯ ಅಗ್ಗದ ಮಾದರಿಯನ್ನು ಕೊಳ್ಳಲೇಬೇಡಿ, ಹೊಲಿಗೆಯ ತೂತುಗಳ ಸಾಲಿನಲ್ಲೇ ಅಂಚೆಚೀಟಿಯಂತೆ ಹರಿದು ಬರುತ್ತದೆ.

ಊರು ಬಿಡುವ ಮೊದಲು

1. ಆರ್ಗನೈಸರನ್ನು ಮೂರನೇ ಸಾಲಿನ ಕೆಳಗೆ ಅಡ್ಡಲಾಗಿ ಕತ್ತರಿಸಿ ಎರಡು ಮಾಡಿ. ಹೊಸ ವಸ್ತುವಿಗೆ ಕತ್ತರಿ ಹಾಕಲು ಮನಸ್ಸು ಬರುವುದಿಲ್ಲ ನಿಜ, ಆದರೆ ಲಾಭ ಇರುವುದು ಅದರಲ್ಲೇ. ಉದ್ದದ ಚೀಲ ಹಡಗು ವಾಲಿದಾಗ ಗಡಿಯಾರದ ಲೋಲಕದಂತೆ ತೂಗಾಡುತ್ತದೆ. 75 ಸೆಂ.ಮೀ.ಯ ಎರಡು ತುಂಡುಗಳು ಹಾಗೆ ಆಡುವುದಿಲ್ಲ, ಒಂದನ್ನು ಮಂಚದ ಬಳಿ, ಇನ್ನೊಂದನ್ನು ಬಾತ್‌ರೂಮಿನ ಬಳಿ ಹಾಕಿಕೊಳ್ಳಬಹುದು.

2. ಎರಡೂ ತುಂಡುಗಳ ಮೇಲಂಚಿಗೆ ಕ್ಯಾನ್ವಾಸ್ ಪಟ್ಟಿಯನ್ನು ಮಡಚಿ ಹೊಲಿಸಿ, ಪೈಪು ತೂರುವಷ್ಟು ಕೊಳವೆ ಬಿಡಿಸಿ. ಪೈಪಿಲ್ಲದಿದ್ದರೆ ಅಂಚು ಕೊಕ್ಕೆಗಳ ನಡುವೆ ಜೋಲುತ್ತದೆ, ಮಧ್ಯದ ಜೇಬುಗಳು ಬಾಯಿ ತೆರೆದು ಸಾಮಾನು ಚೆಲ್ಲುತ್ತವೆ. ಪಟ್ಟಿಗೆ ಕೊಳವೆಯ ಕೆಳಗೆ ಸಮ ಅಂತರದಲ್ಲಿ ಮೂರು ಐಲೆಟ್ (ಲೋಹದ ಉಂಗುರ ಕೂರಿಸಿದ ತೂತು) ಹೊಡೆಸಿ. ಚಪ್ಪಲಿ, ಬ್ಯಾಗ್ ರಿಪೇರಿ ಮಾಡುವವರಲ್ಲಿ ಇದು ಐದು ನಿಮಿಷದ ಕೆಲಸ.

3. ಮನೆಯಲ್ಲೇ ಪರೀಕ್ಷೆ ಮಾಡಿ. ಉಕ್ಕಿನ ಬೀರುವಿನ ಬಾಗಿಲಿಗೆ ಒಂದು ಡ್ರಾಯಿಂಗ್ ಹಾಳೆ ಅಂಟಿಸಿ (ಹಡಗಿನ ಗೋಡೆಯ ಹೊದಿಕೆಗೆ ಬದಲಾಗಿ), ಅದರ ಮೇಲೆ ಮೂರು ಕೊಕ್ಕೆ ಹಚ್ಚಿ, ತುಂಬಿದ ಚೀಲವನ್ನು ರಾತ್ರಿಯಿಡೀ ನೇತುಹಾಕಿ. ಕೊಕ್ಕೆಗಳ ಜಾಗವನ್ನು ಪೆನ್ಸಿಲಿನಲ್ಲಿ ಗುರುತಿಸಿಟ್ಟು ಬೆಳಿಗ್ಗೆ ನೋಡಿ. ಅರ್ಧ ಸೆಂ.ಮೀ. ಇಳಿದಿದ್ದರೂ ತೂಕ ಜಾಸ್ತಿಯಾಯಿತು ಎಂದೇ ಅರ್ಥ. ಜೇಬಿಗೆ 150 ಗ್ರಾಂ ಲೆಕ್ಕ ಹಿಡಿದರೆ 12 ಜೇಬಿಗೆ 1.8 ಕೆ.ಜಿ. ಚೀಲದ ತೂಕ ಸೇರಿ 2 ಕೆ.ಜಿ. ಆಸುಪಾಸು, ಮೂರು ಕೊಕ್ಕೆಗೆ ಹಂಚಿದರೆ ತಲಾ 700 ಗ್ರಾಂ.

4. ಮ್ಯಾಗ್ನೆಟ್ಟುಗಳನ್ನು ಒಂದಕ್ಕೊಂದು ಅಂಟಿಸಿ, ಬಟ್ಟೆಯಲ್ಲಿ ಸುತ್ತಿ, ತಗಡಿನ ಡಬ್ಬಿಗೆ ಹಾಕಿಡಿ. ಹಡಗಿನ ಕೀ ಕಾರ್ಡಿಗೂ ಬ್ಯಾಂಕ್ ಕಾರ್ಡಿಗೂ ಇರುವ ಕಪ್ಪು ಪಟ್ಟಿಯನ್ನು ಇವು ಅಳಿಸಿಹಾಕಬಲ್ಲವು. ಪೇಸ್‌ಮೇಕರ್ ಹಾಕಿಸಿಕೊಂಡವರು ಇವನ್ನು ಎದೆಯ ಹತ್ತಿರ ತರಬಾರದು, ಮೇಲಂಗಿಯ ಜೇಬಿನಲ್ಲಂತೂ ಇಟ್ಟುಕೊಳ್ಳಲೇಬಾರದು. ಚಿಕ್ಕ ಮಕ್ಕಳಿದ್ದರೆ ಬಿಲ್ಲೆ ಮ್ಯಾಗ್ನೆಟ್ಟನ್ನು ಬಟ್ಟೆಯೊಳಗೆ ಹೊಲಿದುಬಿಡಿ. ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದು ಶಸ್ತ್ರಚಿಕಿತ್ಸೆಗೆ ಹೋಗುವ ಅಪಾಯ.

ಕೊಳ್ಳುವ ಬದಲು ಹೊಲಿಸುವುದಾದರೆ 58 ಇಂಚು ಪನ್ನದ (ಅಗಲದ) ಬಟ್ಟೆ 75 ಸೆಂ.ಮೀ. ತನ್ನಿ, 12 ಜೇಬಿನ ಒಂದು ಚೀಲ ಆಗುತ್ತದೆ. ಹಿಂಬದಿಗೆ 54x66 ಸೆಂ.ಮೀ. ತುಂಡು, ಜೇಬಿಗೆ 76x19 ಸೆಂ.ಮೀ.ಯ ಮೂರು ಪಟ್ಟಿ. ಒಂದೊಂದು ಪಟ್ಟಿಯಲ್ಲೂ ನಾಲ್ಕು ಜೇಬು. ಜೇಬಿನ ಅಗಲ 12 ಸೆಂ.ಮೀ. ಇದ್ದರೂ ಬಟ್ಟೆ 18 ಸೆಂ.ಮೀ. ಕೊಟ್ಟು, ಉಳಿದದ್ದನ್ನು ಎರಡು ಬದಿಗೂ ನೆರಿಗೆಯಾಗಿ ಮಡಚಬೇಕು. ನೆರಿಗೆಯಿಲ್ಲದ ಜೇಬಿಗೆ ಕಾಗದ ಹೋದೀತು, ಬಾಟಲಿ ಹೋಗುವುದಿಲ್ಲ. ಟೈಲರ್ ಅಂಗಡಿಯಲ್ಲಿ ಇದೊಂದು ಮಾತನ್ನು ಒತ್ತಿ ಹೇಳಿ.

ಕ್ಯಾಬಿನ್ನಿಗೆ ಬಂದ ಮೇಲೆ

ಸೂಟ್‌ಕೇಸ್ ಬಿಚ್ಚುವ ಮೊದಲೇ ಒಂದು ಮ್ಯಾಗ್ನೆಟ್ ಹಿಡಿದು ಗೋಡೆಗಳನ್ನು ಮುಟ್ಟಿ ನೋಡಿ. ಎಲ್ಲ ಗೋಡೆಯೂ ಹಿಡಿಯುವುದಿಲ್ಲ. ಕಪಾಟಿನ ಬಾಗಿಲು ಮರದ ಹಲಗೆಯದಿರಬಹುದು, ಕೆಲವು ಹಡಗುಗಳಲ್ಲಿ ಬಾತ್‌ರೂಮಿನ ಗೋಡೆ ಫೈಬರಿನದು. ಕನ್ನಡಿಯ ಪಕ್ಕದ ಗೋಡೆ, ಮಂಚದ ತಲೆಭಾಗದ ಬದಿ, ಬಾತ್‌ರೂಮ್ ಬಾಗಿಲಿನ ಹೊರಪಕ್ಕದ ಗೋಡೆ, ಇವು ಸಾಮಾನ್ಯವಾಗಿ ಒಳ್ಳೆಯ ಜಾಗಗಳು. ಕೆಲವು ಕ್ಯಾಬಿನ್ನುಗಳಲ್ಲಿ ಮೂರನೆಯ, ನಾಲ್ಕನೆಯ ಹಾಸಿಗೆ ಗೋಡೆಯೊಳಗೆ ಅಥವಾ ಸೂರಿನಲ್ಲಿ ಮಡಚಿಕೊಂಡಿರುತ್ತದೆ. ಸಂಜೆ ಸಿಬ್ಬಂದಿ ಅದನ್ನು ಇಳಿಸುವ ಜಾಗದಲ್ಲಿ ಚೀಲ ಹಾಕಬೇಡಿ. ಲೈಫ್‌ ಜಾಕೆಟ್ ಇಟ್ಟಿರುವ ಕಪಾಟಿಗೆ, ಎಸಿಯ ಗಾಳಿಕಿಂಡಿಗೆ ಅಡ್ಡ ಬರಬಾರದು. ಸೂರಿನ ಸ್ಪ್ರಿಂಕ್ಲರ್, ಹೊಗೆಪತ್ತೆ ಯಂತ್ರಗಳಿಗೆ ಏನನ್ನೂ ಕಟ್ಟಲೇಬಾರದು. ಸ್ಪ್ರಿಂಕ್ಲರಿನ ಗಾಜಿನ ಕೊಳವೆ ಒಡೆದರೆ ಕ್ಯಾಬಿನ್ ತುಂಬ ನೀರು.

ಜಾಗ ಗೊತ್ತಾದ ಮೇಲೆ ಗೋಡೆಯನ್ನು ಒಣಬಟ್ಟೆಯಿಂದ ಒರೆಸಿ. ಸಮುದ್ರದ ಗಾಳಿಯ ತೇವ, ಕೈಯ ಎಣ್ಣೆ ಜಿಡ್ಡು ಎರಡೂ ಕೊಕ್ಕೆ ಜಾರಿಸುತ್ತವೆ. ಮೂರು ಕೊಕ್ಕೆಗಳನ್ನು ಒಂದೇ ಮಟ್ಟದಲ್ಲಿ ಹಚ್ಚಿ, ಖಾಲಿ ಚೀಲವನ್ನು ಮೊದಲು ಹಾಕಿ, ಆಮೇಲೆ ತುಂಬಿ. ಐಲೆಟ್ ಕೊಕ್ಕೆಯ ಬುಡದಲ್ಲಿ, ಗೋಡೆಗೆ ತಾಗಿಯೇ ಕೂರಬೇಕು. ತುದಿಯಲ್ಲಿ ನೇತಾಡಿದರೆ ಸನ್ನೆಕೋಲಿನಂತೆ ಮ್ಯಾಗ್ನೆಟ್ಟಿನ ಮೇಲಂಚನ್ನು ಗೋಡೆಯಿಂದ ಎಬ್ಬಿಸುತ್ತದೆ. ಕೊನೆಗೆ ಚೀಲದ ಕೆಳಗಿನ ಎರಡು ಮೂಲೆಗಳ ಮೇಲೆ ಬಿಲ್ಲೆ ಮ್ಯಾಗ್ನೆಟ್ ಇಡಿ, ಬಟ್ಟೆಯ ಮೂಲಕವೇ ಅವು ಗೋಡೆಯನ್ನು ಹಿಡಿಯುತ್ತವೆ. ಇದನ್ನು ಮಾಡದವರಿಗೆ ರಾತ್ರಿಯಿಡೀ ಟಕ್, ಟಕ್ ಸದ್ದು. ಹಡಗು ಒಂದೊಂದು ಸಲ ವಾಲಿದಾಗಲೂ ಬಾಚಣಿಗೆಯೋ ಬಾಟಲಿಯೋ ಉಕ್ಕಿನ ಗೋಡೆಗೆ ಬಡಿಯುತ್ತದೆ, ಟೊಳ್ಳು ಹಲಗೆಯಾದ್ದರಿಂದ ಪಕ್ಕದ ಕ್ಯಾಬಿನ್ನಿಗೂ ಕೇಳುತ್ತದೆ.

ಗೋಡೆ ಮ್ಯಾಗ್ನೆಟ್ ಹಿಡಿಯದಿದ್ದರೆ ಅಂಟಿನ ಕೊಕ್ಕೆಗೆ ಹೋಗಬೇಡಿ, ಕೀಳುವಾಗ ಗೋಡೆಯ ಹೊದಿಕೆಯನ್ನೂ ಎಳೆದುಕೊಂಡು ಬರುತ್ತದೆ. ಐಲೆಟ್ಟುಗಳಿಗೆ ದಾರ ಪೋಣಿಸಿ ಕಪಾಟಿನೊಳಗಿನ ಬಟ್ಟೆಯ ಸರಳಿಗೆ ಕಟ್ಟಿ.

ಯಾವ ಜೇಬಿಗೆ ಏನು

ಭಾರವಾದದ್ದು ಕೆಳಸಾಲಿಗೆ, ಹಗುರಾದದ್ದು ಮೇಲಕ್ಕೆ. ಒಬ್ಬೊಬ್ಬರಿಗೆ ಒಂದೊಂದು ಕಂಬಸಾಲು ಎಂದು ಹಂಚುವವರಿದ್ದಾರೆ. ಹಾಗೆ ಮಾಡಿದರೆ ಒಂದು ಬದಿ ಭಾರವಾಗಿ ಚೀಲ ಓರೆಯಾಗುತ್ತದೆ, ಮಕ್ಕಳಿಗೆ ಮೇಲಿನ ಜೇಬು ಎಟುಕುವುದಿಲ್ಲ. ಅಡ್ಡಸಾಲಿನ ಹಂಚಿಕೆಯೇ ಸರಿ: ಕೆಳಸಾಲು ಮಕ್ಕಳ ಬಣ್ಣದ ಕಡ್ಡಿ, ಟೋಪಿ, ಈಜುಕನ್ನಡಕಕ್ಕೆ. ನಡುಸಾಲು ಚಾರ್ಜರ್, ಸನ್‌ಸ್ಕ್ರೀನ್, ಬಾಚಣಿಗೆ, ಪಿನ್ನು, ಬಿಂದಿಗಳಿಗೆ. ಮೇಲಿನ ಸಾಲು ಮಾತ್ರೆಗಳಿಗೆ, ಅವು ಮಕ್ಕಳ ಕೈಗೆ ಸಿಗಬಾರದು. ವಾಂತಿ ತಡೆಯುವ ಮಾತ್ರೆ, ಓಆರ್‌ಎಸ್ ಪೊಟ್ಟಣಗಳನ್ನು ಮಂಚದ ಬಳಿಯ ಚೀಲದಲ್ಲೇ ಇಡಿ. ಹೊಟ್ಟೆ ತೊಳಸುವಾಗ ಎದ್ದು ಹುಡುಕುವ ಶಕ್ತಿ ಇರುವುದಿಲ್ಲ. ಬಾತ್‌ರೂಮಿನ ಒಳಗಂತೂ ಮಾತ್ರೆ ಇಡಬೇಡಿ, ಬಿಸಿನೀರಿನ ಆವಿಗೆ ಕೆಡುತ್ತವೆ.

ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಜಿಪ್ ಕವರಿಗೆ ಹಾಕಿ ಮುಚ್ಚಳ ಮೇಲಾಗಿ ನಿಲ್ಲಿಸಿ. ಒಮ್ಮೆ ಸೋರಿದರೆ ಕೆಳಗಿನ ಎರಡು ಜೇಬಿಗೂ ಇಳಿಯುತ್ತದೆ. ಪಾಸ್‌ಪೋರ್ಟ್, ಹಣ, ಒಡವೆ ಈ ಚೀಲಕ್ಕೆ ಬೇಡ, ಕ್ಯಾಬಿನ್ನಿನ ಲಾಕರಿಗೆ ಹೋಗಲಿ. ಕೀ ಕಾರ್ಡನ್ನು ಕೊಕ್ಕೆಯ ಹತ್ತಿರದ ಮೇಲಿನ ಜೇಬಿನಲ್ಲೂ ಬಿಲ್ಲೆಯ ಹತ್ತಿರದ ಮೂಲೆಜೇಬಿನಲ್ಲೂ ಇಡಬೇಡಿ. ನಡುಸಾಲಿನ ಮಧ್ಯದ ಎರಡು ಜೇಬುಗಳು ಅದಕ್ಕೆ ಸುರಕ್ಷಿತ. ಲಕ್ಷದ್ವೀಪದ ದಂಡೆಯಿಂದ ಬಂದ ಚಪ್ಪಲಿಯನ್ನು ಮರಳು ಕೊಡವಿ, ಬಾತ್‌ರೂಮಿನ ನೆಲದಲ್ಲಿ ಒಣಗಿಸಿ. ವಯಸ್ಕರ ಒಂದು ಜೊತೆ ಅರ್ಧ ಕೆ.ಜಿ. ದಾಟಬಹುದು, ಈ ಚೀಲದ ಲೆಕ್ಕದಲ್ಲಿ ಅದಕ್ಕೆ ಜಾಗವಿಲ್ಲ.

ಇಳಿಯುವ ಹಿಂದಿನ ರಾತ್ರಿ

ಹೆಚ್ಚಿನ ಹಡಗುಗಳಲ್ಲಿ ದೊಡ್ಡ ಸೂಟ್‌ಕೇಸುಗಳನ್ನು ಹಿಂದಿನ ರಾತ್ರಿಯೇ ಕಾರಿಡಾರಿನಲ್ಲಿಡಲು ಹೇಳುತ್ತಾರೆ. ಆಗ ಬಾತ್‌ರೂಮ್ ಬಳಿಯ ಚೀಲವನ್ನು ಪೈಪಿನ ಸುತ್ತ ಚಾಪೆಯಂತೆ ಸುರುಳಿ ಸುತ್ತಿ ಸೂಟ್‌ಕೇಸಿಗೆ ಹಾಕಿ. ಸುತ್ತುವ ಮೊದಲು ಬಾಟಲಿಗಳನ್ನು ತೆಗೆಯಿರಿ. ಮಂಚದ ಬಳಿಯದು ಬೆಳಗಿನವರೆಗೂ ಇರಲಿ: ಬ್ರಷ್ಷು, ಕನ್ನಡಕ, ಚಾರ್ಜರ್, ಬೆಳಗಿನ ಮಾತ್ರೆ ಅದರಲ್ಲಿ. ಕೊಕ್ಕೆಗಳನ್ನು ನೇರ ಎಳೆಯದೆ ಒಂದು ಅಂಚನ್ನು ಎಬ್ಬಿಸಿ ಕೀಳಿ. ಬೆರಳಿಗೂ ನೋವಿಲ್ಲ, ಗೋಡೆಗೂ ಗೀರಿಲ್ಲ. ಹೊರಡುವಾಗ ಆರು ಕೊಕ್ಕೆ, ನಾಲ್ಕು ಬಿಲ್ಲೆ ಎಣಿಸಿ ಡಬ್ಬಿಗೆ ಹಾಕಿ. ಬಿಟ್ಟುಹೋಗುವುದು ಹೆಚ್ಚಾಗಿ ಬಿಲ್ಲೆಗಳೇ. ಚೀಲ ಎಳೆದಾಗ ಅವು ಜಾರಿ ಮಂಚದ ಉಕ್ಕಿನ ಕಾಲಿಗೆ ಅಂಟಿಕೊಂಡಿರುತ್ತವೆ.